ಒಂದು ವಾರ, ಒಂದೇ ಅಂಕಿ: ಮಗುವಿಗೆ ‘ನಾಲ್ಕು’ ಕಲಿಸುವ ಬಗೆ

‘ಇನ್ನು ನಾಕೇ ನಾಕು ತುತ್ತು, ತಿನ್ನಪ್ಪ’ ಅಂತ ಹೇಳಿ ನಾವು ಎಷ್ಟು ತುತ್ತು ತಿನ್ನಿಸುತ್ತೇವೆ? ಹತ್ತಾದರೂ ಆಗುತ್ತದೆ. ‘ನಾಲ್ಕು ಜನ ಏನಂದಾರು’ ಅನ್ನುತ್ತೇವೆ, ಆ ನಾಲ್ಕು ಜನರನ್ನು ಯಾರೂ ಎಣಿಸಿಲ್ಲ. ‘ನಾಲ್ಕು ಕಾಸು ಸಂಪಾದಿಸು’, ‘ನಾಲ್ಕು ಹೆಜ್ಜೆ ಹಾಕಿದರೆ ಅಂಗಡಿ’, ‘ನಾಲ್ಕು ಮಾತಾಡಿ ಬಾ’. ನಮ್ಮ ಬಾಯಲ್ಲಿ ನಾಲ್ಕು ಅಂದರೆ ಒಂದಿಷ್ಟು ಅಂತ. ದೊಡ್ಡವರಿಗೆ ಇದು ಅರ್ಥವಾಗುತ್ತದೆ. ಈಗಷ್ಟೇ ಎಣಿಸಲು ಹೊರಟ ಮಗುವಿಗೆ ಹೇಗೆ ಆಗಬೇಕು ಹೇಳಿ.

ನಾನು ಮಂಡ್ಯ ಕಡೆಯ ಹಳ್ಳಿಯೊಂದರಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಮಾಡುವವಳು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಕ್ಕಳಿಂದ ನೂರರ ತನಕ ಕೂಗಿಸುವುದೇ ಗಣಿತ ಅಂದುಕೊಂಡಿದ್ದೆ. ಒಂದನೇ ತರಗತಿಯ ಒಬ್ಬ ಹುಡುಗ ಒಂದೂ ತಪ್ಪದೆ ನೂರರ ತನಕ ಹೇಳುತ್ತಿದ್ದ. ಒಂದು ದಿನ ಅವನಿಗೆ ‘ಹೋಗಿ ನಾಲ್ಕು ಚಾಕ್‌ಪೀಸ್ ತಗೊಂಡು ಬಾ’ ಅಂದೆ. ಮುಷ್ಟಿ ತುಂಬ ತಂದು ಮೇಜಿನ ಮೇಲೆ ಸುರಿದ. ‘ಇದು ನಾಲ್ಕೇನೋ?’ ಅಂದರೆ ‘ಊಂ ಮಿಸ್’ ಅಂದ. ತಪ್ಪು ಅವನದಲ್ಲ. ನಾನು ಅವನಿಗೆ ಹಾಡು ಕಲಿಸಿದ್ದೆ, ಎಣಿಕೆ ಕಲಿಸಿರಲಿಲ್ಲ.

ಅಲ್ಲಿಂದ ಒಂದು ಸಲಕ್ಕೆ ಒಂದೇ ಅಂಕಿ ಹಿಡಿಯುವುದನ್ನು ರೂಢಿ ಮಾಡಿಕೊಂಡೆ. ಕೆಳಗೆ ಹೇಳುವುದು ನಾಲ್ಕರ ಬಗ್ಗೆ. ಮೂರೂವರೆಯಿಂದ ಐದು ವರ್ಷದ ಮಕ್ಕಳಿಗೆ ಹೊಂದುತ್ತದೆ. ಮನೆಯಲ್ಲೂ ಮಾಡಬಹುದು, ಅಂಗನವಾಡಿಯಲ್ಲೂ ಮಾಡಬಹುದು. ದಿನಕ್ಕೆ ಹತ್ತು ಹದಿನೈದು ನಿಮಿಷ ಸಾಕು, ಅದಕ್ಕಿಂತ ಜಾಸ್ತಿ ಕೂರಿಸಬೇಡಿ.

ಒಂದು ಷರತ್ತಿದೆ. ಈ ವಾರ ಮನೆಯಲ್ಲಿ ಯಾರೂ ನಾಲ್ಕನ್ನು ಸುಮ್ನೆ ಬಳಸಬಾರದು. ನಾಲ್ಕು ತುತ್ತು ಅಂದರೆ ನಾಲ್ಕೇ ತುತ್ತು. ಐದನೆಯದು ಬೇಕಾದರೆ ಮಗುವೇ ಕೇಳಲಿ. ಅಜ್ಜಿಗೂ ಇದನ್ನು ಹೇಳಿಡಿ, ಮೊದಲು ತಪ್ಪುವವರು ಅವರೇ!

ಶುರು ಮಾಡುವ ಮೊದಲು: ‘ಎಷ್ಟಿದೆ’ ಅನ್ನಬೇಡಿ, ‘ಕೊಡು’ ಅನ್ನಿ

ಒಂದು ಬಟ್ಟಲಲ್ಲಿ ಹತ್ತು ಬಾಟಲಿ ಮುಚ್ಚಳ ಇಡಿ. ‘ನನಗೆ ಎರಡು ಕೊಡು’ ಅನ್ನಿ. ಆಮೇಲೆ ‘ಮೂರು ಕೊಡು’ ಅನ್ನಿ. ಮೂರು ಕೇಳಿದಾಗ ಸರಿಯಾಗಿ ಮೂರನ್ನೇ ಎತ್ತಿ ಕೊಟ್ಟರೆ ಮಗು ನಾಲ್ಕಕ್ಕೆ ತಯಾರಿದೆ. ಮುಷ್ಟಿ ತುಂಬಿ ಕೊಟ್ಟರೆ ಮೂರರಲ್ಲೇ ಇನ್ನೊಂದು ವಾರ ಇರಿ, ಏನೂ ನಷ್ಟವಿಲ್ಲ.

‘ಎಷ್ಟಿದೆ?’ ಅಂತ ಕೇಳಿದರೆ ಬಾಯಿಪಾಠ ಹೊರಗೆ ಬರುತ್ತದೆ. ‘ಕೊಡು’ ಅಂದಾಗ ಮಗು ಎಲ್ಲಿ ನಿಲ್ಲಿಸಬೇಕು ಅಂತ ತಾನೇ ತೀರ್ಮಾನ ಮಾಡಬೇಕಾಗುತ್ತದೆ. ಗೊತ್ತಿದೆಯೋ ಇಲ್ಲವೋ ಅನ್ನುವುದು ಆ ನಿಲ್ಲಿಸುವುದರಲ್ಲೇ ಕಾಣುತ್ತದೆ.

ಇಷ್ಟು ಸಾಮಾನು ಹೊಂದಿಸಿಕೊಳ್ಳಿ: ಒಂದು ಸ್ಟೀಲ್ ಲೋಟ, ಒಂದು ತಟ್ಟೆ, ಸ್ವಲ್ಪ ರವೆ, ಸ್ಲೇಟು ಬಳಪ, ಜಡೆಗೆ ಕಟ್ಟುವ ಟೇಪು, ಎಣಿಸಲು ಹುಣಸೆಬೀಜ ಅಥವಾ ಮುಚ್ಚಳ. ಮಗು ಮೂರು ವರ್ಷದ ಆಸುಪಾಸಿನಲ್ಲಿದ್ದರೆ ಬೀಜ, ಅವರೆಕಾಳು, ಕವಡೆ ಕೊಡಬೇಡಿ. ಮೂಗಿಗೋ ಕಿವಿಗೋ ತುರುಕಿಕೊಂಡರೆ ಆಸ್ಪತ್ರೆಗೆ ಓಡಬೇಕು. ಅಂಥವರಿಗೆ ನಿಂಬೆಹಣ್ಣು, ಈರುಳ್ಳಿ, ಲೋಟಗಳೇ ಸಾಕು. ದೊಡ್ಡ ಮಕ್ಕಳಿಗೂ ಬೀಜ ಕೊಟ್ಟಾಗ ಪಕ್ಕದಲ್ಲೇ ಕೂತಿರಿ.

ಮೊದಲ ಎರಡು ದಿನ: ಕೈಯಲ್ಲಿ ನಾಲ್ಕು

ಎಣಿಕೆ ನಮಗೆ ಒಂದೇ ಕೆಲಸದ ಹಾಗೆ ಕಾಣುತ್ತದೆ. ಅದರೊಳಗೆ ಐದು ಸಂಗತಿಗಳಿವೆ ಅಂತ ಗೆಲ್ಮನ್ ಮತ್ತು ಗ್ಯಾಲಿಸ್ಟೆಲ್ ಅನ್ನುವ ಇಬ್ಬರು ಮನಃಶಾಸ್ತ್ರಜ್ಞರು 1978ರಲ್ಲಿ ಬಿಡಿಸಿ ತೋರಿಸಿದರು. ನಮಗೆ ಈ ವಾರ ಮುಖ್ಯವಾಗಿ ಬೇಕಾದದ್ದು ಮೂರು. ಒಂದು ವಸ್ತುವಿಗೆ ಒಂದೇ ಹೆಸರು. ಹೆಸರುಗಳ ಸಾಲು ಅದಲು ಬದಲಾಗಬಾರದು. ಕೊನೆಗೆ ಹೇಳಿದ್ದೇ ಒಟ್ಟು ಲೆಕ್ಕ.

ಮೊದಲನೆಯದರಲ್ಲೇ ನಮ್ಮ ಮಕ್ಕಳು ಎಡವುತ್ತಾರೆ. ನಾಲ್ಕು ನಿಂಬೆಹಣ್ಣು ಸಾಲಾಗಿಟ್ಟು ಬೆರಳಿಟ್ಟು ಎಣಿಸಲು ಹೇಳಿ ನೋಡಿ. ‘ಒಂ-ದು’ ಅನ್ನುವಾಗ ಎರಡು ಹಣ್ಣು ಮುಟ್ಟಿರುತ್ತಾರೆ. ‘ಎ-ರ-ಡು’ ಅನ್ನುವಷ್ಟರಲ್ಲಿ ಸಾಲೇ ಮುಗಿದುಹೋಗುತ್ತದೆ. ಕನ್ನಡದ ಎಣಿಕೆಯ ಮಾತುಗಳೆಲ್ಲ ಎರಡು ಮೂರು ತುಂಡಿನವು. ಮಗು ಒಂದೊಂದು ತುಂಡಿಗೂ ಒಂದೊಂದು ಹಣ್ಣು ಮುಟ್ಟುತ್ತಿರುತ್ತದೆ. ನಾವು ‘ಸರಿಯಾಗಿ ಎಣಿಸು’ ಅಂತ ಗದರುತ್ತೇವೆ. ಅದರ ಪ್ರಕಾರ ಅದು ಸರಿಯಾಗಿಯೇ ಎಣಿಸುತ್ತಿದೆ.

ಇದಕ್ಕೆ ಮದ್ದು ಮುಟ್ಟಿಸುವುದಲ್ಲ, ಹಾಕಿಸುವುದು. ಸ್ಟೀಲ್ ಲೋಟ ಮುಂದಿಡಿ. ಒಂದು ಬೀಜ ಎತ್ತಿ ಹಾಕಲಿ. ಟಣ್ ಅಂತ ಸದ್ದಾದ ಮೇಲೆ ‘ಒಂದು’ ಅನ್ನಲಿ. ಮತ್ತೊಂದು, ಟಣ್, ‘ಎರಡು’. ಎತ್ತುವುದಕ್ಕೆ ಹಿಡಿಯುವ ಸಮಯ ಬಾಯಿಯ ಓಟವನ್ನು ತಡೆಯುತ್ತದೆ. ನನ್ನ ಅನುಭವದಲ್ಲಿ ಈ ಒಂದು ಬದಲಾವಣೆಯಿಂದಲೇ ಅರ್ಧ ಮಕ್ಕಳು ಎರಡು ದಿನದಲ್ಲಿ ದಾರಿಗೆ ಬರುತ್ತಾರೆ. ನಿಂಬೆಹಣ್ಣಾದರೆ ಬುಟ್ಟಿಯಿಂದ ತಟ್ಟೆಗೆ ಹಾಕಿಸಿ.

ನಾಲ್ಕನೆಯದು ಬಿದ್ದ ಮೇಲೆ ನಿಲ್ಲಿಸಿ. ಲೋಟದ ಸುತ್ತ ಕೈ ಆಡಿಸಿ, ‘ಒಟ್ಟು ನಾಲ್ಕು ಬೀಜ’ ಅನ್ನಿ. ಈ ಕೈ ಆಡಿಸುವುದನ್ನು ಬಿಡಬೇಡಿ. ಇಲ್ಲದಿದ್ದರೆ ನಾಲ್ಕು ಅನ್ನುವುದು ಕೊನೆಯ ಬೀಜದ ಹೆಸರು ಅಂತ ಮಗು ತಿಳಿಯುತ್ತದೆ. ಹೀಗೆ ತಿಳಿದ ಮಗುವಿಗೆ ‘ನಾಲ್ಕು ಕೊಡು’ ಅಂದರೆ ಸಾಲಿನ ಕೊನೆಯ ಒಂದನ್ನೇ ತೆಗೆದುಕೊಡುತ್ತದೆ. ಹಾಗಾದರೆ ಸಾಲನ್ನು ಕೆಡಿಸಿ, ಅದೇ ನಾಲ್ಕನ್ನು ಬೇರೆ ಕಡೆಯಿಂದ ಎಣಿಸಿ ತೋರಿಸಿ. ಎಲ್ಲಿಂದ ಶುರು ಮಾಡಿದರೂ ನಾಲ್ಕೇ ಬರುತ್ತದೆ ಅನ್ನುವುದು ಮಕ್ಕಳಿಗೆ ದೊಡ್ಡ ಸೋಜಿಗ.

ಇನ್ನೊಂದು ಪರೀಕ್ಷೆ. ಎಣಿಸಿ ಮುಗಿಸಿದ ಕೂಡಲೇ ‘ಹಂಗಾದ್ರೆ ಎಷ್ಟಿದೆ?’ ಅನ್ನಿ. ಮಗು ಮತ್ತೆ ಒಂದರಿಂದ ಶುರು ಮಾಡಿದರೆ ಒಟ್ಟು ಅನ್ನುವುದು ಇನ್ನೂ ತಲೆಗೆ ಹೋಗಿಲ್ಲ. ಬೈಯಬೇಡಿ, ನೀವೇ ‘ನಾಲ್ಕು’ ಅಂತ ಹೇಳಿ ಮುಂದಕ್ಕೆ ಹೋಗಿ.

ಬೆರಳಿನ ಆಟವನ್ನೂ ಸೇರಿಸಿ. ನಾಲ್ಕು ಬೆರಳು ಎತ್ತಿ ಹೆಬ್ಬೆರಳು ಮಡಿಸುವುದು ಚಿಕ್ಕ ಕೈಗೆ ಕಷ್ಟ, ಕಿರುಬೆರಳು ಜೊತೆಗೆ ಬಾಗುತ್ತದೆ. ಅದರ ಬದಲು ಹೆಬ್ಬೆರಳನ್ನು ಮೇಷ್ಟ್ರು ಮಾಡಿ. ಮೇಷ್ಟ್ರು ಒಬ್ಬೊಬ್ಬರನ್ನೇ ಮುಟ್ಟಿ ಹಾಜರಿ ತೆಗೆದುಕೊಳ್ಳಲಿ: ಒಂದು, ಎರಡು, ಮೂರು, ನಾಲ್ಕು. ಮೇಷ್ಟ್ರನ್ನು ಎಣಿಸುವ ಹಾಗಿಲ್ಲ. ಇದನ್ನು ಬಸ್ಸಿನಲ್ಲೂ ಆಡಬಹುದು, ಸಾಮಾನೇ ಬೇಡ.

ಮಗು ‘ನಾಕು’ ಅಂದರೆ ‘ನಾಲ್ಕು ಅನ್ನು’ ಅಂತ ತಿದ್ದಲು ಹೋಗಬೇಡಿ. ನೀವು ನಾಲ್ಕು ಅನ್ನಿ, ಅದು ನಾಕು ಅನ್ನಲಿ. ನಾಲಿಗೆ ತಾನಾಗಿ ತಿರುಗುತ್ತದೆ.

ಮೂರನೇ ದಿನ: ಕಣ್ಣಲ್ಲಿ ನಾಲ್ಕು

ಮೂರು ವಸ್ತು ಇದ್ದರೆ ನಾವು ಎಣಿಸುವುದಿಲ್ಲ, ನೋಡಿದ ತಕ್ಷಣ ಗೊತ್ತಾಗುತ್ತದೆ. ನಾಲ್ಕು ಆ ಗಡಿಯಲ್ಲಿದೆ. ಅದರಿಂದಾಚೆಗೆ ದೊಡ್ಡವರೂ ಎಣಿಸಬೇಕು, ಇಲ್ಲವೇ ಗುಂಪು ಮಾಡಿ ನೋಡಬೇಕು. ನಾಲ್ಕರ ಮೇಲೆ ಇಷ್ಟು ಹೊತ್ತು ಕೂರುವುದು ಅದಕ್ಕೇ. ಗುಂಪು ಮಾಡಿ ನೋಡುವ ಅಭ್ಯಾಸ ಇಲ್ಲೇ ಶುರುವಾಗಬೇಕು.

ನಾಲ್ಕು ಬೀಜವನ್ನು ಮಂಚದ ಕಾಲಿನ ಹಾಗೆ ನಾಲ್ಕು ಮೂಲೆಗೆ ಇಡಿ. ಮೇಲೊಂದು ತಟ್ಟೆ ಮುಚ್ಚಿ. ಒಂದು ಕ್ಷಣ ಎತ್ತಿ ತೋರಿಸಿ, ಮತ್ತೆ ಮುಚ್ಚಿ. ‘ಎಷ್ಟಿತ್ತು?’ ಸರಿಯಾಗಿ ಹೇಳಿದರೆ ಮುಂದಿನ ಸಲ ಸಾಲಾಗಿ ಇಡಿ. ಆಮೇಲೆ ಮೂರನ್ನು ಒಂದು ಕಡೆ, ಒಂದನ್ನು ದೂರ ಇಡಿ. ‘ಮೂರು ಮತ್ತೊಂದು’ ಅಂತ ನಾವು ತಾತ್ಸಾರಕ್ಕೆ ಆಡುವ ಮಾತಿದೆಯಲ್ಲ, ಇಲ್ಲಿ ಅದು ಕೂಡುವ ಲೆಕ್ಕವೇ ಆಗುತ್ತದೆ. ಎರಡು ಎರಡು ಇಟ್ಟೂ ತೋರಿಸಿ. ಚಿಹ್ನೆ ಏನೂ ಬೇಡ, ಬಾಯಲ್ಲಿ ಹೇಳಿದರೆ ಸಾಕು.

ಸಾಲಿನ ಬೀಜಗಳನ್ನು ಅಗಲವಾಗಿ ಹರಡಿದರೆ ‘ಈಗ ಜಾಸ್ತಿ ಆಯ್ತು’ ಅನ್ನುವ ಮಕ್ಕಳು ಬೇಕಾದಷ್ಟಿದ್ದಾರೆ. ಈ ವಯಸ್ಸಿಗೆ ಅದು ಸಹಜ. ಎಣಿಸಿ ತೋರಿಸಿ, ವಾದ ಮಾಡಬೇಡಿ.

ನಾಲ್ಕು ಹೌದಾ, ಅಲ್ವಾ?

ನನಗೆ ತುಂಬ ಇಷ್ಟವಾದ ಭಾಗ ಇದು. ಪುಸ್ತಕದಲ್ಲಿ ನಾಲ್ಕು ಸೇಬಿನ ಚಿತ್ರ ನೋಡಿದರೆ ಮಗುವಿಗೆ ನಾಲ್ಕು ಸೇಬು ಗೊತ್ತಾಗುತ್ತದೆ ಅಷ್ಟೆ. ನಾಲ್ಕು ಗೊತ್ತಾಗಬೇಕಾದರೆ ನಾಲ್ಕಲ್ಲದ್ದೂ ಕಣ್ಣಿಗೆ ಬೀಳಬೇಕು. ಹೊರಗೆ ಕರೆದುಕೊಂಡು ಹೋಗಿ.

ನಮ್ಮ ಕಡೆಯ ಮಕ್ಕಳಿಗೆ ಸಂಜೆ ಡೇರಿಗೆ ಹಾಲು ಹಾಕುವುದು ಗೊತ್ತಿರುತ್ತದೆ. ಹಸುವಿನ ಕಾಲು ನಾಲ್ಕು, ಕೆಚ್ಚಲಿನ ತೊಟ್ಟೂ ನಾಲ್ಕು. ಮೇಕೆಗೂ ಕಾಲು ನಾಲ್ಕು, ಆದರೆ ತೊಟ್ಟು ಎರಡೇ. ಹೋಗಿ ನೋಡಿ ಬರಲು ಹೇಳಿ, ಸಂಭ್ರಮದಿಂದ ಓಡುತ್ತಾರೆ. ಹಾಯುವ ಹಸುವಾದರೆ ದೂರದಿಂದ ನೋಡಲಿ. ಟ್ರ್ಯಾಕ್ಟರಿಗೆ ಚಕ್ರ ನಾಲ್ಕು, ಆಟೊಗೆ ಮೂರು. ಕೋಳಿಗೆ ಕಾಲು ಎರಡು. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಸಾಸಿವೆ ಹೂ ಬಿಟ್ಟಿದ್ದರೆ ಒಂದು ಕಿತ್ತು ಕೊಡಿ, ಹಳದಿ ಎಸಳು ನಾಲ್ಕೇ ನಾಲ್ಕು. ಬೇಲಿಯ ಒಂಟಿ ಸುತ್ತಿನ ಕೆಂಪು ದಾಸವಾಳಕ್ಕೆ ಐದು. ಮೈಸೂರಿನಂಥ ಊರಲ್ಲಿದ್ದರೆ ಕುರ್ಚಿ, ಮೇಜು, ಕಾರು, ಕಿಟಕಿಯ ಗಾಜು ಎಲ್ಲ ಇದ್ದೇ ಇವೆ. ಮಲ್ಲಿಗೆ ಮಾತ್ರ ಎಣಿಸಲು ಕೊಡಬೇಡಿ, ಎಸಳಿನ ಲೆಕ್ಕ ಹೂವಿನಿಂದ ಹೂವಿಗೆ ಬದಲಾಗಿ ನಿಮಗೇ ತಲೆ ಕೆಡುತ್ತದೆ.

ಒಂದು ಸಲ ಶಾಲೆ ಮುಂದೆ ಕಬ್ಬಿನ ಗಾಡಿ ಹೋಗುತ್ತಿತ್ತು. ‘ಎತ್ತಿನ ಕಾಲು ಎಷ್ಟು?’ ಅಂದೆ. ಒಂದು ಹುಡುಗಿ ಇಣುಕಿ ನೋಡಿ, ‘ನಾಕು ನಾಕು ಮಿಸ್’ ಅಂದಳು. ಎತ್ತು ಎರಡಿತ್ತಲ್ಲ! ಎಂಟು ಅನ್ನುವ ಮಾತು ಅವಳಿಗೆ ಇನ್ನೂ ಬೇಕಾಗಿರಲಿಲ್ಲ.

ನಾಲ್ಕನೇ ದಿನ: ಅಂಕಿಯ ಗುರುತು

ಇಷ್ಟು ಆದ ಮೇಲೆ 4 ಅನ್ನುವ ಆಕಾರ ತೋರಿಸಿ. ಇದಕ್ಕೆ ಮೊದಲು ಬೇಡ. ದೊಡ್ಡದಾಗಿ ಒಂದು ರಟ್ಟಿನ ಮೇಲೆ ಬರೆದು, ಕೆಳಗೆ ನಾಲ್ಕು ಬೀಜ ಇಡಿಸಿ. ಪಕ್ಕದಲ್ಲಿ 2, 3 ಬರೆದ ರಟ್ಟೂ ಇರಲಿ. ಹೊಂದಿಸುವ ಆಟ ಆಡಿ.

ಆಮೇಲೆ ಬೇಟೆಗೆ ಬಿಡಿ. ಕ್ಯಾಲೆಂಡರಿನಲ್ಲಿ, ಟಿವಿ ರಿಮೋಟಿನಲ್ಲಿ, ಮೊಬೈಲಿನಲ್ಲಿ, ಗಾಡಿಯ ನಂಬರ್ ಪ್ಲೇಟಿನಲ್ಲಿ ನಾಲ್ಕು ಹುಡುಕಲಿ. ಕ್ಯಾಲೆಂಡರಿನ 14, 24ರಲ್ಲೂ ನಾಲ್ಕು ಕಂಡು ಕೂಗುತ್ತಾರೆ. ‘ಹೌದು, ಅಲ್ಲೂ ಇದೆ’ ಅಂದು ಬಿಟ್ಟುಬಿಡಿ. ಹತ್ತರ ಸ್ಥಾನ, ಬಿಡಿ ಸ್ಥಾನ ಅಂತ ಪಾಠ ಶುರು ಮಾಡಬೇಡಿ.

ಅಚ್ಚಿನಲ್ಲಿ 4ರ ತಲೆ ಕೂಡಿಕೊಂಡಿರುತ್ತದೆ, ಕೈಬರಹದಲ್ಲಿ ತೆರೆದಿರುತ್ತದೆ. ಎರಡೂ ಒಂದೇ ಅಂತ ಒಮ್ಮೆ ತೋರಿಸಿ. ನಮಗೆ ಇದು ಕ್ಷುಲ್ಲಕ, ಮಕ್ಕಳಿಗೆ ಎರಡೂ ಬೇರೆ ಬೇರೆ ಪ್ರಾಣಿಗಳು.

ಐದು, ಆರನೇ ದಿನ: ಬರೆಯುವುದು

ಬಳಪಕ್ಕೆ ಮೊದಲು ಬೆರಳು. ತಟ್ಟೆಯಲ್ಲಿ ರವೆ ತೆಳ್ಳಗೆ ಹರಡಿ. ಸ್ಟೀಲ್ ತಟ್ಟೆಯಲ್ಲಿ ರಾಗಿ ಹಿಟ್ಟು ಇನ್ನೂ ಚೆನ್ನಾಗಿ ಕಾಣುತ್ತದೆ. ಆದರೆ ತಿನ್ನುವ ಹಿಟ್ಟಲ್ಲಿ ಆಟ ಅಂತ ನಮ್ಮತ್ತೆ ಬೈದ ಮೇಲೆ ನಾನು ಬಿಟ್ಟೆ. ಅಂಗಳದ ಮಣ್ಣೂ ಆಗುತ್ತದೆ.

4ಕ್ಕೆ ಎರಡು ಗೆರೆ. ಮೊದಲನೆಯದು ಮೇಲಿಂದ ಇಳಿದು, ಕೈ ಎತ್ತದೆ ಬಲಕ್ಕೆ ತಿರುಗುತ್ತದೆ. ಆಮೇಲೆ ಕೈ ಎತ್ತಿ, ಬಲಗಡೆ ಮೇಲಿಂದ ಕೆಳಕ್ಕೆ ಉದ್ದನೆ ಗೆರೆ, ಅಡ್ಡಗೆರೆಯನ್ನು ದಾಟಿಕೊಂಡು. ಬಾಯಲ್ಲಿ ಹೀಗೆ ಹೇಳಿಸಿ: ‘ಇಳಿ, ಪಕ್ಕಕ್ಕೆ ಹೋಗು, ಎತ್ತು, ಉದ್ದ ಇಳಿ.’ ಮಗುವಿನ ಹಿಂದೆ ಕೂತು, ಕೈ ಹಿಡಿದು ಎರಡು ಸಲ ಮಾಡಿಸಿ. ಮೂರನೆಯದಕ್ಕೆ ಕೈ ಬಿಡಿ. ತಲೆಕೆಳಗಾದ ಕುರ್ಚಿ ಅಂದರೆ ಬೇಗ ನೆನಪಿರುತ್ತದೆ.

ಮಾಡುವ ತಪ್ಪುಗಳು ಹೆಚ್ಚಾಗಿ ಎರಡು. ಒಂದು, ಕೈ ಎತ್ತದೆ ಒಂದೇ ಗೆರೆಯಲ್ಲಿ ಬರೆದು ಅದು 9ರ ಹಾಗೆ ಆಗುವುದು. ‘ಎತ್ತು’ ಅನ್ನುವುದನ್ನು ಜೋರಾಗಿ ಹೇಳಿಸಿದರೆ ಸರಿಹೋಗುತ್ತದೆ. ಇನ್ನೊಂದು, ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಬರೆಯುವುದು. ಇದಕ್ಕೆ ಮನೆಯವರು ಗಾಬರಿಯಾಗುತ್ತಾರೆ. ಆರೇಳು ವರ್ಷದ ತನಕ ತುಂಬ ಮಕ್ಕಳು ಹೀಗೆ ಬರೆಯುತ್ತಾರೆ, ಕಾಯಿಲೆ ಏನಲ್ಲ. ಸ್ಲೇಟಿನ ಬಲ ಅಂಚಿಗೆ ಕುಂಕುಮದ ಬೊಟ್ಟು ಇಟ್ಟು, ‘ಬೊಟ್ಟಿನ ಕಡೆ ಹೋಗು’ ಅನ್ನಿ.

ಸ್ಲೇಟಿನಲ್ಲಿ ಮೊದಲು ದೊಡ್ಡದಾಗಿ ಬರೆಯಲಿ. ಸ್ಲೇಟಿಗೊಂದೇ ನಾಲ್ಕು ಇದ್ದರೂ ಪರವಾಗಿಲ್ಲ. ನಾಲ್ಕು ಸಲ ಬರೆಸಿ, ಚೆನ್ನಾಗಿ ಬಂದದ್ದಕ್ಕೆ ಮಗುವೇ ಸುತ್ತು ಹಾಕಲಿ, ಸಾಕು. ಒಂದು ಪುಟ ತುಂಬ ಬರೆಸಿದರೆ ಕೊನೆಯ ಸಾಲಿನವು ಮೊದಲ ಸಾಲಿಗಿಂತ ಕೆಟ್ಟದಾಗಿರುತ್ತವೆ. ನೂರಾರು ಪುಟ ತಿದ್ದಿ ಕಂಡುಕೊಂಡದ್ದು ಇದು. ಬೆರಳಿಗೆ ಶಕ್ತಿ ಬೇಕಾದರೆ ಚಪಾತಿ ಹಿಟ್ಟಿನ ಉಂಡೆ ಕಟ್ಟಿಸಿ, ಅವರೆಕಾಯಿ ಸುಲಿಸಿ. ಹಾಗೆಯೇ ಬಾಗಿಲ ಮುಂದೆ ರಂಗೋಲಿ ಹಾಕುವಾಗ ನಾಲ್ಕು ಚುಕ್ಕಿ ಇಡುವ ಕೆಲಸ ಮಗುವಿಗೆ ಕೊಡಿ.

ಇನ್ನೊಂದು ನಾಲ್ಕು: ೪

ಲೆಕ್ಕದ ಪುಸ್ತಕದಲ್ಲಿ 4 ಇರುತ್ತದೆ, ಹಾಗಾಗಿ ನಾನು ಅದನ್ನೇ ಮೊದಲು ಕಲಿಸುತ್ತೇನೆ. ಎರಡನ್ನೂ ಒಂದೇ ದಿನ ತೋರಿಸಿದರೆ ಕಲಸಿಹೋಗುತ್ತದೆ. ಹದಿನೈದು ದಿನ ಬಿಟ್ಟು ೪ ತನ್ನಿ.

ಟೇಪು ಹೊಂದಿಸಿಕೊಳ್ಳಿ ಅಂದದ್ದು ಇದಕ್ಕೇ. ಟೇಪಿನ ಎರಡು ತುದಿ ಹಿಡಿದು ಒಂದರ ಮೇಲೊಂದು ಹಾಯಿಸಿ. ಕೆಳಗೆ ಕುಣಿಕೆ ತೂಗುತ್ತದೆ, ಮೇಲೆ ಎರಡು ತುದಿ ಅಗಲವಾಗಿ ನಿಲ್ಲುತ್ತವೆ. ಅದೇ ೪. ಹಾಗೇ ನೆಲದ ಮೇಲಿಟ್ಟು ಅದರ ಮೇಲೆ ಬೆರಳು ಓಡಿಸಲಿ. ಕೈ ಎತ್ತುವ ಹಾಗಿಲ್ಲ, ಒಂದೇ ಗೆರೆ. ೫ ಅನ್ನು ಆವತ್ತೇ ಪಕ್ಕದಲ್ಲಿಡಬೇಡಿ, ಮಕ್ಕಳ ಕಣ್ಣಿಗೆ ಎರಡೂ ಒಂದೇ ಥರ.

ಮೈಸೂರಿಗೆ ಹೋದಾಗ ಪುರಭವನದ ಹತ್ತಿರದ ದೊಡ್ಡ ಗಡಿಯಾರ ತೋರಿಸಿ. ಅದರ ಮುಖದ ಮೇಲೆ ಕನ್ನಡದ ಅಂಕಿಗಳಿವೆ. ೪ ಎಲ್ಲಿದೆ ಹುಡುಕಲಿ. ನಾಲ್ವಡಿ ಕೃಷ್ಣರಾಜ ಒಡೆಯರ್ ಆಡಳಿತ ವಹಿಸಿಕೊಂಡು 25 ವರ್ಷವಾದ ನೆನಪಿಗೆ 1927ರಲ್ಲಿ ಕಟ್ಟಿದ ಗಡಿಯಾರ ಅದು. ಮಂಡ್ಯದ ಮಕ್ಕಳು ನಾಲ್ವಡಿಯವರ ಫೋಟೊ ನೋಡಿಯೇ ಬೆಳೆಯುತ್ತಾರೆ. ನಾಲ್ವಡಿ ಅಂದರೆ ಆ ಹೆಸರಿನ ನಾಲ್ಕನೆಯವರು ಅಂತ. ಇದನ್ನು ಅಕ್ಕಂದಿರಿಗೆ, ಅಣ್ಣಂದಿರಿಗೆ ಹೇಳಿ. ಚಿಕ್ಕವರಿಗೆ ‘ನಾಲ್ಕು ಲೋಟ’ ಮತ್ತು ‘ನಾಲ್ಕನೇ ಲೋಟ’ ಬೇರೆ ಬೇರೆ ಅನ್ನುವುದೇ ಇನ್ನೂ ದೂರದ ಮಾತು.

ಏಳನೇ ದಿನ: ಚೌಕಾಬಾರ

ಭಾನುವಾರ ಇದಕ್ಕೆ ಸರಿ. ನಾಲ್ಕಕ್ಕೆ ಇದಕ್ಕಿಂತ ಒಳ್ಳೆಯ ಆಟ ನನಗೆ ಗೊತ್ತಿಲ್ಲ. ಕವಡೆ ನಾಲ್ಕು, ಒಬ್ಬೊಬ್ಬರಿಗೆ ಕಾಯಿ ನಾಲ್ಕು, ಕೂರುವ ಕಡೆ ನಾಲ್ಕು. ನಾಲ್ಕೂ ಕವಡೆ ಬಾಯಿ ಮೇಲಾಗಿ ಬಿದ್ದರೆ ಚೌಕ, ಅಂದರೆ ನಾಲ್ಕು, ಮೇಲೊಂದು ಸಲ ಹಾಕುವ ಅವಕಾಶ. ಕವಡೆ ಇಲ್ಲದಿದ್ದರೆ ಹುಣಸೆಬೀಜದ ಒಂದು ಮೈ ಬೆಳ್ಳಗಾಗುವ ತನಕ ಕಲ್ಲಿಗೆ ತೇದುಕೊಳ್ಳಿ. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮಣೆಯಾಟ ಅಂದರೆ ಪ್ರಾಣ, ತಾವೇ ಹೊಸ ಆಟಗಳನ್ನು ಕಟ್ಟಿದ್ದರು. ಮೈಸೂರು ಸೀಮೆಯವರಿಗೆ ಈ ಹುಚ್ಚು ಹೊಸದೇನಲ್ಲ.

ಚಿಕ್ಕವರಿಗೆ ಪೂರ್ತಿ ಆಟ ಬೇಡ. ಒಬ್ಬರಿಗೆ ಒಂದೇ ಕಾಯಿ ಕೊಡಿ, ಕಡಿಯುವುದು ಬೇಡ. ಕವಡೆ ಬಿದ್ದ ಮೇಲೆ ಎಷ್ಟು ಬಾಯಿ ಮೇಲಾಗಿವೆ ಅಂತ ಮಗು ನೋಡಿ ಹೇಳಲಿ, ಅಷ್ಟು ಮನೆ ನಡೆಸಲಿ. ನಿಂತ ಮನೆಯನ್ನೇ ‘ಒಂದು’ ಅಂತ ಎಣಿಸುತ್ತಾರೆ, ಎಲ್ಲ ಮಕ್ಕಳೂ. ‘ಹಾರಿದ ಮೇಲೆ ಒಂದು’ ಅಂತ ನೆನಪಿಸಿ. ಎಲ್ಲ ಬೋರಲು ಬಿದ್ದರೆ ಬಾರ, ಎಂಟು. ಆ ಎಂಟು ಚಿಕ್ಕವರಿಗೆ ಭಾರ ಅಂತ ನಾನು ‘ಏನೂ ಇಲ್ಲ’ ಅಂತ ಮಾಡಿದ್ದೆ. ನಮ್ಮತ್ತೆ ಒಪ್ಪಲಿಲ್ಲ. ‘ಬಾರ ಬಿದ್ರೆ ಎಂಟು ಕಣಮ್ಮ, ಮಗೀಗೆ ಸುಳ್ಳು ಹೇಳ್ಕೊಡ್ಬೇಡ’ ಅಂದರು. ಈಗ ಬಾರ ಬಿದ್ದರೆ ‘ನಾಕು, ಇನ್ನೊಂದು ನಾಕು’ ಅಂತ ನಡೆಸುತ್ತೇವೆ. ಕಬ್ಬಿನ ಗಾಡಿಯ ಹುಡುಗಿಯ ಲೆಕ್ಕವೇ.

ಐದಕ್ಕೆ ಯಾವಾಗ?

ವಾರ ಮುಗಿಯಿತು ಅಂತ ಐದಕ್ಕೆ ಹೋಗಬೇಡಿ. ಮೊದಲ ದಿನದ ಬಟ್ಟಲು ಮತ್ತೆ ಇಡಿ. ‘ನಾಲ್ಕು ಕೊಡು’ ಅನ್ನಿ. ಕೊಟ್ಟರೆ, ಎರಡು ದಿನ ಬಿಟ್ಟು ಬೇರೆ ವಸ್ತುವಿನಲ್ಲಿ ಕೇಳಿ. ಊಟಕ್ಕೆ ಕೂರುವಾಗ ‘ನಾಲ್ಕು ತಟ್ಟೆ ತಗೊಂಡು ಬಾ’ ಅಂದು ನೋಡಿ. ಮೂರು ತಂದರೆ ತಿದ್ದಬೇಡಿ, ಒಬ್ಬರು ತಟ್ಟೆ ಇಲ್ಲದೆ ಕೂತಿರಿ. ಮಗುವೇ ನೋಡಿ ಎದ್ದು ಹೋಗುತ್ತದೆ.

ಬರೆಯುವುದು ಸೊಟ್ಟಗಿದ್ದರೂ ಮುಂದೆ ಹೋಗಬಹುದು, ಅದು ಕೈಗೆ ನಿಧಾನವಾಗಿ ಬರುತ್ತದೆ. ಎಣಿಕೆ ಸೊಟ್ಟಗಿದ್ದರೆ ಮಾತ್ರ ನಿಲ್ಲಿ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಶುರುವಾದ ನಲಿಕಲಿ ಪದ್ಧತಿಯಲ್ಲೂ ಹೀಗೇ, ಒಬ್ಬೊಬ್ಬ ಮಗುವೂ ಕಲಿಕೆಯ ಏಣಿಯನ್ನು ತನ್ನ ವೇಗದಲ್ಲಿ ಹತ್ತುತ್ತದೆ. ಪಕ್ಕದ ಮನೆಯ ಮಗು ಇಪ್ಪತ್ತರ ತನಕ ಹೇಳುತ್ತದೆ ಅಂತ ಯಾರಾದರೂ ಅಂದರೆ, ಅದಕ್ಕೂ ಬಟ್ಟಲು ಕೊಟ್ಟು ‘ನಾಲ್ಕು ಕೊಡು’ ಅನ್ನಿ.

ಐದು ಶುರು ಮಾಡುವ ದಿನ ಲೋಟ ಖಾಲಿ ಮಾಡಬೇಡಿ. ಲೋಟದಲ್ಲಿ ಆ ನಾಲ್ಕು ಬೀಜ ಹಾಗೇ ಇರಲಿ. ‘ಎಷ್ಟಿದೆ?’ ಅನ್ನಿ, ಮಗು ‘ನಾಕು’ ಅನ್ನಲಿ, ಆಮೇಲೆ ಅದರ ಕೈಗೆ ಇನ್ನೊಂದು ಬೀಜ ಕೊಡಿ.